ಸಮಸ್ಥಾನಿ ಜವರಯ್ಯನವರ ಅರ್ಧಾಯುಷ್ಯದ ಬಗ್ಗೆ

ಸಂಖ್ಯೆ: ಸಿಬ್ಬಂದಿ/ಪೇಟೆ/ಮ.ರೋ/ಅರ್ಧ/97-98
ಇಲಾಖೆಯ ವಲಯ ಕಛೇರಿ, ಪಾಂಡವಪುರ
ದಿನಾಂಕ: 12-3-1998

ಸುತ್ತೋಲೆ

ವಿಷಯ: ‘ಪೆಟ್’ ಎಂಬುದನ್ನು ಪೇಟೆ ಎಂದು ಓದಿದ್ದರಿಂದ ಖಾಯಂ ಆಗಿಹೋದ ಶ್ರೀ ಜವರಯ್ಯನವರನ್ನು ನಿಯಮಾನುಸಾರ ಇಳಿಸುವ ಬಗ್ಗೆ.

ಉಲ್ಲೇಖ: 1) ಕೆ.ಆರ್. ಪೇಟೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ ಶ್ರೀಮತಿ ಶಬ್ರೀನ್‌ರವರ ಅರ್ಜಿ. 2) ಈ ಕಛೇರಿಯ ಖಾಯಮಾತಿ ಆದೇಶ. 3) ಸದರಿ ಶಿಕ್ಷಕಿಯವರ ನಗು (ಮೌಖಿಕ).

ಪ್ರಸ್ತಾವನೆ:

ಶಿಕ್ಷಕಿಯವರು ವಿಜ್ಞಾನ ಉಪನ್ಯಾಸಕ್ಕೆ ಇಲಾಖೆಯ ಸಭಾಂಗಣ ಕೋರಿ, ಉಪನ್ಯಾಸದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಆಡಳಿತದಲ್ಲಿ ಕನ್ನಡ ಕಡ್ಡಾಯವಾದ್ದರಿಂದ ಗುಮಾಸ್ತ ಶ್ರೀ ನಿಂಗರಾಜುರವರು ನಿಘಂಟು ತರಿಸಿ, ‘ಪೆಟ್’ ಎಂದರೆ ಕೆ.ಆರ್. ಪೇಟೆ, ‘ಎಂ.ಆರ್.’ ಎಂದರೆ ದಿನಗೂಲಿಗಳ ಮಸ್ಟರ್ ರೋಲ್, ‘ಇಮೇಜ್’ ಎಂದರೆ ವರ್ಚಸ್ಸು, ‘ಐಸೋಟೋಪು’ ಎಂದರೆ ಸಮಸ್ಥಾನಿ ಎಂದು ತೀರ್ಮಾನಿಸಿ, “ಪೇಟೆಯನ್ನೂ ಮಸ್ಟರ್ ರೋಲನ್ನೂ ಒಗ್ಗೂಡಿಸಿದಲ್ಲಿ ಬೇರೆ ಬೇರೆ ಸಮಸ್ಥಾನಿಗಳಿಂದ ಇಲಾಖೆಯ ವರ್ಚಸ್ಸಿನ ಮೇಲಾಗುವ ಪರಿಣಾಮ” ಎಂದು ಅನುವಾದಿಸಿದರು. ಸಮಸ್ಥಾನಿ ಎಂದರೆ ಸ್ಥಾನ ಒಂದೇ, ತೂಕ ಬೇರೆ. ಪೇಟೆ ಶಾಖೆಯಲ್ಲಿ ಅಂಥವರು ಒಬ್ಬರೇ: ಖಾಯಂ ಜವಾನ ದೇವರಾಜು ಕೂರುವ ಅದೇ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಗೂಲಿಯಾಗಿ ಕೂತು, ವಲಯದ ನಾಲ್ಕೂ ಊರಿನ ತಪಾಲು ಹೊರುತ್ತಿರುವ ಜವರಯ್ಯ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ, ಇಲಾಖೆಯ ವರ್ಚಸ್ಸು ಕೆಡದಿರಲೆಂದು ಅವರನ್ನು ಕೂಡಲೇ ಖಾಯಂಗೊಳಿಸಲಾಯಿತು.

ಆದೇಶವನ್ನು ಜವರಯ್ಯನವರು ಓದುವ ಮೊದಲೇ ಕಣ್ಣಿಗೊತ್ತಿಕೊಂಡು, “ದ್ಯಾವ್ರು ಕಣ್ಬುಟ್ಟ ಕಣ್ಲಾ ದೇವ್ರಾಜ! ಇನ್ಮೇಕೆ ನಾನೂವೆ ರಜಾ ಚೀಟಿ ಬರೀತೀನಿ” ಎಂದರೆಂದೂ, ಅಂದಿನಿಂದ ಚಪ್ಪಲಿ ಹಾಕಿಕೊಂಡೇ ಕಛೇರಿಯೊಳಗೆ ಬರುತ್ತಿದ್ದಾರೆಂದೂ ವರದಿಯಾಗಿದೆ.

ತರುವಾಯ ಶಿಕ್ಷಕಿಯವರು ಖುದ್ದು ಹಾಜರಾಗಿ, ಪೆಟ್ ಎಂಬುದು ಮೈಗೆ ಐಸೋಟೋಪು ಸೇರಿಸಿ ಒಳಗಿನ ಚಿತ್ರ ತೆಗೆಯುವ ಯಂತ್ರ, ಎಂ.ಆರ್. ಎಂಬುದು ಅಯಸ್ಕಾಂತದ ಯಂತ್ರ, ಎರಡನ್ನೂ ಜೋಡಿಸುವ ಕೆಲಸ ಹೊರದೇಶದಲ್ಲಿ ಇನ್ನೂ ಪ್ರಯೋಗದಲ್ಲಿದೆ ಎಂದು ನಗು ತಡೆದುಕೊಂಡು ವಿವರಿಸಿದ್ದಾರೆ. ಇಲಾಖೆಯ ಮರ್ಯಾದೆ ಮೂರು ಕಾಸಾಗಿರುವ ಈ ಸಂದರ್ಭದಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಐಸೋಟೋಪಿನಿಂದ ಹೊರಟ ಕಣವು ಸಾಯುವ ಮುನ್ನ ದೂರ ಓಡಿದಷ್ಟೂ ಚಿತ್ರ ಮಸುಕಾಗುತ್ತದೆ. ಫ್ಲೋರಿನ್ನಿನದು ಹತ್ತಿರದ ಓಟ, ರುಬಿಡಿಯಮ್ಮಿನದು ದೂರದ್ದು ಎಂದು ತಿಳಿದುಬಂದಿದೆ. ಇದು ಸಿಬ್ಬಂದಿಗೂ ಅನ್ವಯಿಸುತ್ತದೆ. ಟೀ ಅಂಗಡಿಯವರೆಗೆ ಹೋಗುವವರನ್ನು ಫ್ಲೋರಿನ್ ಎಂದೂ, ಪುಳಿಯೋಗರೆಗೆಂದು ಮೇಲುಕೋಟೆಯವರೆಗೆ ಹೋಗುವವರನ್ನು ರುಬಿಡಿಯಂ ಎಂದೂ ಹಾಜರಿ ಪುಸ್ತಕದಲ್ಲಿ ನಮೂದಿಸತಕ್ಕದ್ದು.

2. ಶ್ರೀರಂಗಪಟ್ಟಣ ಶಾಖೆಯ ಗ್ರೂಪ್ ಫೋಟೋ ಮಸುಕಾಗಿರುವುದಕ್ಕೆ ಫೋಟೋಗ್ರಾಫರನ್ನು ದೂರತಕ್ಕದ್ದಲ್ಲ. ಕ್ಲಿಕ್ ಎನ್ನುವಾಗ ನಾಲ್ವರು ಆಗಲೇ ಅರಕೆರೆ ಬಸ್ಸು ಹತ್ತುತ್ತಿದ್ದರು.

3. ಅಯಸ್ಕಾಂತವು ಕಣದ ಓಟವನ್ನು ಸುತ್ತಿಸಿ ಕಟ್ಟಿಹಾಕುತ್ತದೆಂದೂ, ದೂರ ಓಡುವ ಜಾತಿಗೆ ಇದರಿಂದ ಹೆಚ್ಚು ಅನುಕೂಲವೆಂದೂ ಶಿಕ್ಷಕಿಯವರು ತಿಳಿಸಿದ್ದಾರೆ. ಆದ್ದರಿಂದ ಪ್ರತಿ ಕುರ್ಚಿಯಡಿ ಒಂದು ಅಯಸ್ಕಾಂತವನ್ನೂ, ಪ್ರತಿ ಸಿಬ್ಬಂದಿಯ ಹಿಂಜೇಬಿನಲ್ಲಿ ಐದಿಂಚಿನ ಮೊಳೆಯನ್ನೂ ಇರಿಸತಕ್ಕದ್ದು. ಪ್ರಯೋಗಾರ್ಥ ಈಗಾಗಲೇ ಇರಿಸಿ ನೋಡಿದ ನಾಗಮಂಗಲ ಶಾಖೆಯಲ್ಲಿ ಅಂಟಿಕೊಂಡಿರುವವರು ಅನುಮತಿಯಿಲ್ಲದೆ ಬಿಡಿಸಿಕೊಳ್ಳತಕ್ಕದ್ದಲ್ಲ.

4. ಜವರಯ್ಯನವರ ಖಾಯಮಾತಿ ರದ್ದಾಗಲೇಬೇಕು. ಆದರೆ ವಿಕಿರಣ ಸಮಸ್ಥಾನಿ ಎಂದು ಒಮ್ಮೆ ದಾಖಲಾದದ್ದು ಒಮ್ಮೆಗೇ ಮುಗಿಯದು, ಅರ್ಧಾಯುಷ್ಯಕ್ಕೊಮ್ಮೆ ಅರ್ಧರ್ಧವಾಗಿಯೇ ಇಳಿಯಬೇಕು ಎಂದು ಶಿಕ್ಷಕಿಯವರು ಕಡತದಲ್ಲೇ ಬರೆದು ಸಹಿ ಮಾಡಿದ್ದಾರೆ. ಹಾಗೆ ಬರೆಯುವಾಗ ಅವರು ನಗುತ್ತಿರಲಿಲ್ಲ. ಅದರಂತೆ, ಅರ್ಧಾಯುಷ್ಯವನ್ನು ಒಂದು ವರ್ಷವೆಂದು ಹಿಡಿದು, ಜವರಯ್ಯನವರು ಈ ವರ್ಷ ಪೂರ್ವಾಹ್ನ ಖಾಯಂ, ಅಪರಾಹ್ನ ದಿನಗೂಲಿ. ಮುಂದಿನ ವರ್ಷ ಅದರರ್ಧ. ಚಪ್ಪಲಿಯನ್ನು ಒಂದು ಕಾಲಿಗೆ ಮಾತ್ರ ಧರಿಸತಕ್ಕದ್ದು.

5. “ಮೇಡಮ್ಮೋರೆ, ಇಂಗೆ ಅರ್ಧ ಅರ್ಧ ಆಗ್ತಾ ಆಗ್ತಾ ಪೂರ್ತಾ ಮುಗ್ದೋಗದು ಯಾವಾಗ?” ಎಂದು ಜವರಯ್ಯನವರು ಕೇಳಲಾಗಿ, “ಲೆಕ್ಕದಲ್ಲಿ ಪೂರ್ತಿ ಮುಗಿಯೋದೇ ಇಲ್ಲ, ಜವರಯ್ಯನವರೇ” ಎಂದು ಶಿಕ್ಷಕಿಯವರು ಉತ್ತರಿಸಿರುತ್ತಾರೆ. “ಅಂಗಾರೆ ಸಾಕು ಬುಡಿ. ಚೂರು ಉಳುದ್ರೂ ರಜಾ ಚೀಟಿ ಬರೀಬೋದು” ಎಂದು ಅವರು ಕಣ್ಣೊರೆಸಿಕೊಂಡದ್ದನ್ನು ಗಮನಿಸಲಾಗಿದೆ. ಚೂರಿಗೆ ರಜೆ ಉಂಟೇ ಎಂಬ ಬಗ್ಗೆ ಸ್ಪಷ್ಟನೆ ಕೋರಲಾಗಿದೆ.

6. ಈ ಸುತ್ತೋಲೆಯು ಪ್ರತಿಗಳೆಲ್ಲವೂ ತಲುಪಿದ ದಿನದಿಂದ ಜಾರಿಗೆ ಬರತಕ್ಕದ್ದು. ಅಲ್ಲಿಯವರೆಗೆ ಜವರಯ್ಯನವರು ಪೂರ್ತಿ ಖಾಯಂ.

ಸಹಿ/-
(ನರಸಯ್ಯ)
ವಲಯಾಧಿಕಾರಿ
(ಕುರ್ಚಿಯಿಂದ ಏಳಲಾಗದೆ ಕೂತಲ್ಲಿಂದಲೇ)

ಪ್ರತಿಗಳು:

1. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಶಾಖೆಗಳಿಗೆ, ಮುದ್ದಾಂ ಜವರಯ್ಯನವರ ಕೈಯಲ್ಲಿ.
2. ಶ್ರೀ ನಿಂಗರಾಜುರವರಿಗೆ, ನಿಘಂಟನ್ನು ಹಿಂತಿರುಗಿಸುವ ಸಲುವಾಗಿ.
3. ಶ್ರೀಮತಿ ಶಬ್ರೀನ್‌ರವರಿಗೆ. ಸಭಾಂಗಣದ ಅರ್ಜಿ ಪರಿಶೀಲನೆಯಲ್ಲಿದೆ. ಉಪನ್ಯಾಸ ಹೋದ ಭಾನುವಾರವೇ ಶಾಲೆಯ ಹೊಂಗೆಮರದಡಿ ಮುಗಿದಿರುವುದು ಅಡ್ಡಿಯಾಗುವುದಿಲ್ಲ.
4. ಶ್ರೀ ಜವರಯ್ಯನವರಿಗೆ, ಅವರದೇ ಕೈಯಲ್ಲಿ.

ಷರಾ: ತಪಾಲು ಒಯ್ಯಬೇಕಾದ ಜವರಯ್ಯನವರು ಇಂದು ಬೆಳಿಗ್ಗೆ ಖಾಯಂ ನೌಕರರಾಗಿ ರಜಾ ಚೀಟಿ ಕೊಟ್ಟು ಹೋಗಿರುವುದರಿಂದ ಪ್ರತಿಗಳು ಮೇಜಿನ ಮೇಲಿವೆ. ಚೀಟಿಯಲ್ಲಿ ಹಿಂದಿರುಗುವ ದಿನಾಂಕ ಬರೆದಿರುವುದಿಲ್ಲ.