ರಾಗ ಎಳೆಯುವ ಮೇಡಂ ಕಡೆಯಿಂದ ಕಾರ್ಯದರ್ಶಿಗಳಿಗೆ

ಮಾನ್ಯ ಕಾರ್ಯದರ್ಶಿ ಚಂದ್ರಮೋಹನ್ ಅವರೇ,

ಮಾಲೂರಿನಲ್ಲಿ ಶಾಲೆ ಕಟ್ಟಿ, ನಮ್ಮಂಥವರ ನಾಲಿಗೆ ತಿದ್ದುವ ಭಾರವನ್ನೂ ಹೊತ್ತಿರುವ ತಮಗೆ ಆಂಧ್ರ ಗಡಿಯ ಮುಳಬಾಗಿಲು ಕಡೆಯಿಂದ ಬಂದ ವಿಜ್ಞಾನ ಶಿಕ್ಷಕಿ ಸುನಂದಳ ಸಾಷ್ಟಾಂಗ ನಮಸ್ಕಾರಗಳು. ವಾರ್ಷಿಕೋತ್ಸವದಲ್ಲಿ ಅಶಿಸ್ತು ತೋರಿದ್ದೇಕೆಂದು ತಾವು ಕೇಳಿದ್ದೀರಿ. ಉತ್ತರ ಎಲ್ಲರಿಗೂ ಉಪಯೋಗವಾಗಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿರೂಪಣೆಯ ತಾಲೀಮಿನಲ್ಲಿ ನಾನು ‘ಎಲ್ಲರಿಗೂ ನಮಸ್ಕಾರ’ ಎನ್ನುತ್ತಿದ್ದಂತೆ ತಾವು ಕೈಯೆತ್ತಿ ನಿಲ್ಲಿಸಿ, “ಏನ್ ಮೇಡಂ, ಆಂಧ್ರ ಬಸ್ ಕಂಡಕ್ಟರ್ ಥರ ರಾಗ ಎಳೀತೀರ? ಗೆಸ್ಟ್‌ಗಳು ಬರ್ತಾರೆ, ಪ್ಯೂರ್ ಕನ್ನಡ ಮೇಂಟೇನ್ ಮಾಡಿ” ಎಂದು ಅಚ್ಚಗನ್ನಡದಲ್ಲಿ ಅಪ್ಪಣೆ ಕೊಡಿಸಿದಿರಿ. ಆಮೇಲೆ ನನ್ನ ನಮಸ್ಕಾರವನ್ನು ನನ್ನದೇ ಧಾಟಿಯಲ್ಲಿ ಅಣಕಿಸಿ ತೋರಿಸಿದಿರಿ. ಮಕ್ಕಳು ಬಿದ್ದು ಬಿದ್ದು ನಕ್ಕರು. ಇಷ್ಟು ಪ್ರತಿಭೆಯಿದ್ದೂ ತಾವು ನಾಟಕ ಕಂಪನಿ ಸೇರದೆ ಶಿಕ್ಷಣಕ್ಕೆ ಬಂದದ್ದು ನಮ್ಮ ಪುಣ್ಯ. ನನಗೆ ಅತಿಥಿಗಳಿಗೆ ಜ್ಯೂಸ್ ಕೊಡುವ ಕೆಲಸ ವಹಿಸಿದ್ದಂತೂ ಇನ್ನೂ ದೊಡ್ಡ ಉಪಕಾರ. ಅದಕ್ಕೆ ಬಾಯಿ ತೆರೆಯಬೇಕಿಲ್ಲ.

ಅಂದು ನಗದೆ ನಿಂತವಳು ಐದನೇ ತರಗತಿಯ ಅನಿತ ಒಬ್ಬಳೇ. ಶ್ರೀನಿವಾಸಪುರದ ಕಡೆಯ ಹುಡುಗಿ. ಉತ್ಸವದ ದಿನ ನಾಟಕದಲ್ಲಿ ರಾಣಿಯಾಗಿದ್ದ ಆಕೆ ಕಿರೀಟ ಹೊತ್ತು ವೇದಿಕೆಗೆ ಬಂದವಳು ಬಾಯಿಯೇ ಬಿಡಲಿಲ್ಲ. ಮಾತು ಮರೆತಳೇನೋ ಎಂದು ಹತ್ತಿರ ಹೋಗಿ ಕೇಳಿದರೆ, “ನಂಗೂ ರಾಗ ಬರ್ತದೆ ಮಿಸ್. ನಗ್ತಾರೆ” ಎಂದು ಪಿಸುಗುಟ್ಟಿದಳು. ಕಣ್ಣಿನ ಕಾಡಿಗೆ ಆಗಲೇ ಕೆನ್ನೆಗಿಳಿದಿತ್ತು.

ಆಗ ನಾನು ಜ್ಯೂಸಿನ ತಟ್ಟೆ ಕೆಳಗಿಟ್ಟು, ಮೈಕ್ ತೆಗೆದುಕೊಂಡು, ಎಷ್ಟು ಸಾಧ್ಯವೋ ಅಷ್ಟೂ ರಾಗ ಎಳೆದು, “ನಮ್ ರಾಣಿಯೋರು ಈಗ ಮಾತಾಡ್ತಾರೆ, ಎಲ್ರೂ ಸುಮ್ನಿದ್ದು ಕೇಳಿ” ಎಂದದ್ದು ನಿಜ. ಅನಿತ ಮೊದಲು ನನ್ನ ಸೆರಗು ಹಿಡಿದೇ ಮಾತಾಡಿದಳು, ಆಮೇಲೆ ಬಿಟ್ಟಳು, ಕೊನೆಗೆ ಮಂತ್ರಿಯನ್ನು ಗದರಿಸಿದ ರಭಸಕ್ಕೆ ಕಿರೀಟವೇ ಜಾರಿತು. ಯಾರೂ ನಗಲಿಲ್ಲ. ನನ್ನ ಅಶಿಸ್ತು ಇಷ್ಟೇ.

ಮುಂದೆ ಇಂಥದ್ದು ನಡೆಯದಂತೆ, ತೆಲುಗಿನ ಗಾಳಿ ಈಚೆ ಬೀಸದ ಹಾಗೆ ಗಡಿಯುದ್ದಕ್ಕೂ ತಾವೊಂದು ಗೋಡೆ ಕಟ್ಟಿಸಬೇಕೆಂದೂ, ತಮ್ಮ ಮನೆಗೆ ಹಾಲು ಕೊಡುವ ಕ್ಯಾಲನೂರಿನ ಹಸುಗಳು ನಮ್ಮದೇ ಧಾಟಿಯಲ್ಲಿ ಅಂಬಾ ಎನ್ನುವುದರಿಂದ ತಮ್ಮ ಕಾಫಿಗೆ ಬೇರೆ ಸೀಮೆಯ ಹಾಲು ತರಿಸಿಕೊಳ್ಳಬೇಕೆಂದೂ, ಶಿವಾರಪಟ್ಟಣದ ಶಿಲ್ಪಿಗಳಿಂದ ಬಾಯಿಲ್ಲದ ಶಿಕ್ಷಕಿಯರನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ಅವರು ಬರುವತನಕ ಪಾಠ ನಾನೇ ಮಾಡುತ್ತಿರುತ್ತೇನೆ.

ರಾಗಸಮೇತ,
ತಮ್ಮ ವಿಶ್ವಾಸಿ,
ಸುನಂದ

ವಿ.ಸೂ.: ಕಾರ್ಯಕ್ರಮ ಮುಗಿದ ಮೇಲೆ ತಮ್ಮ ತಾಯಿ ಮುನಿಗಂಗಮ್ಮನವರು ನನ್ನ ಕೈ ಹಿಡಿದು, “ನಮ್ಮೂರ ಮಾತು ಕೇಳಿ ಎಷ್ಟು ದಿನ ಆಗಿತ್ತಮ್ಮ! ಮನೆಗೆ ಯಾರಾದ್ರೂ ಬಂದ್ರೆ ನಮ್ಮೋನು ನಂಗೆ ಒಳಗೇ ಇರು ಅಂತಾನೆ” ಎಂದರು. ಎಂಥ ಚೆಂದದ ರಾಗ ಸಾರ್ ಅವರದು!