ಯಾರದೂ ಅಲ್ಲದ ಗೋಡೆ

ನಮ್ಮ ಊರಿನಲ್ಲಿ ಒಬ್ಬ ನಾಯಕರಿದ್ದಾರೆ. ಅವರಿರುವ ತನಕ ನಗುವ ಸಂಗತಿಗಳಿಗೆ ಬರವಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಊರು ಎಂದರೆ ಹೂಡಿಗೂ ಕಾಡುಗೋಡಿಗೂ ನಡುವೆ, ಟೆಕ್ ಪಾರ್ಕುಗಳ ಸಂದಿಯಲ್ಲಿ ಉಳಿದುಕೊಂಡ ನಾಲ್ಕು ಬೀದಿ, ಒಂದು ಅರಳಿಕಟ್ಟೆ, ಒಂದು ಸರ್ಕಾರಿ ಶಾಲೆ. ಆ ಶಾಲೆಯಲ್ಲಿ ನಾನು ಟೀಚರು. ನಮ್ಮ ಮನೆಯವರು ಹೆಡ್‌ಮೇಷ್ಟ್ರಾಗಿದ್ದರು. ಮೇಷ್ಟ್ರೂ ನಾಯಕರೂ ಚಿಕ್ಕಂದಿನಲ್ಲಿ ಅದೇ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಇವನ್ನೆಲ್ಲ ಹೇಳಿ ನಗಿಸುವ ಕಲೆ ಮೇಷ್ಟ್ರದು. ಈಗ ಹೇಳಲು ಅವರಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಅವರು ಹೇಳಿದಷ್ಟು ಚೆನ್ನಾಗಿ ಬರಲಿಕ್ಕಿಲ್ಲ.

ಗುದ್ದಲಿ ಪೂಜೆ

ಶಾಲೆಯ ಪಕ್ಕದಲ್ಲೇ ಆಟದ ಮೈದಾನ. ಸುತ್ತ ಗೋಡೆಯಿಲ್ಲದ ಕಾರಣ ನೀರಿನ ಟ್ಯಾಂಕರು, ಕಂಪನಿ ಕ್ಯಾಬು, ದನ ಎಲ್ಲವೂ ಅಲ್ಲೇ ನಿಲ್ಲುತ್ತಿದ್ದವು. ಕಾಂಪೌಂಡು ಕಟ್ಟಿಸಿಕೊಡುತ್ತೇನೆ ಎಂದು ನಾಯಕರು ಕಾರ್ಪೊರೇಟರ್ ಆದ ಹೊಸತರಲ್ಲಿ ಗುದ್ದಲಿ ಪೂಜೆ ಮಾಡಿದರು. ಆ ಪಕ್ಷ ಬಿಟ್ಟು ಇನ್ನೊಂದಕ್ಕೆ ಹೋದಾಗ ಮತ್ತೆ ಮಾಡಿದರು. ಅದನ್ನೂ ಬಿಟ್ಟು ಮೂರನೆಯದಕ್ಕೆ ಹೋದಾಗ ಮಗದೊಮ್ಮೆ. ಪ್ರತಿ ಸಲವೂ ಬೇರೆ ಬಣ್ಣದ ಶಾಲು, ಹೊಸ ಶಂಕುಸ್ಥಾಪನೆಯ ಕಲ್ಲು. ಮೂರನೆಯ ಸಲ ಪೂಜಾರಿಯವರು ತೆಂಗಿನಕಾಯಿ ಒಡೆಯಲು ಗಟ್ಟಿ ಜಾಗ ಹುಡುಕುತ್ತಿದ್ದರು.

"ಹಳೇ ಕಲ್ಲಿನ ಮೇಲೇ ಒಡೀರಿ ಸ್ವಾಮಿ," ಎಂದರು ಮೇಷ್ಟ್ರು. "ಇಷ್ಟು ವರ್ಷದಲ್ಲಿ ಇಲ್ಲಿ ಗಟ್ಟಿಯಾಗಿ ನಿಂತಿರೋದು ಅದೊಂದೇ."

ಎಲ್ಲರಿಗಿಂತ ಜೋರಾಗಿ ನಕ್ಕವರು ನಾಯಕರೇ.

ಗೋಡೆ ಬಂತು

ದಸರಾ ರಜೆ ಮುಗಿಸಿ ಶಾಲೆಗೆ ಹೋದರೆ ಗೋಡೆ ಎದ್ದಿತ್ತು. ಆದರೆ ಮೈದಾನದ ಸುತ್ತ ಅಲ್ಲ, ಶಾಲೆಗೂ ಮೈದಾನಕ್ಕೂ ನಡುವೆ. ಶಾಲೆ ಈಚೆ, ಮೈದಾನ ಆಚೆ. ಆಚೆಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಶಿಕ್ಷಣ ಇಲಾಖೆಯವರು ನಮ್ಮದಲ್ಲ ಎಂದರು, ಪಾಲಿಕೆಯವರೂ ನಮ್ಮದಲ್ಲ ಎಂದರು. ಕಟ್ಟಿದ ಮೇಸ್ತ್ರಿ ರಾಯಚೂರು ಕಡೆಯವನು. ಅವನನ್ನು ಕೇಳಿದರೆ, "ಸಾಹೇಬ್ರು ಎಲ್ಲಿ ದಾರ ಹಿಡಿ ಅಂದ್ರು, ಅಲ್ಲಿ ಹಿಡದೀವಿ ನೋಡ್ರಿ ಸರ," ಎಂದ. ಯಾವ ಸಾಹೇಬರು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಹೆದರಿಕೆಯಿತ್ತು.

ಅಂದಿನಿಂದ ಮಕ್ಕಳ ಆಟ ವರಾಂಡದಲ್ಲಿ. ಮೊದಲ ದಿನವೇ ಒಂದು ಹುಡುಗಿ ಅಳುತ್ತಾ ಬಂದಳು: "ಸಾರ್, ಬಾಲ್ ಗೋಡೆ ಆಚೆ ಹೋಯ್ತು. ಆ ತಾತ ಕೊಡ್ತಿಲ್ಲ."

"ಹಾಗಾದ್ರೆ ಕೋರ್ಟಿಗೇ ಹೋಗ್ಬೇಕು ಕಣಮ್ಮ," ಎಂದರು ಮೇಷ್ಟ್ರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

ಮಾರನೆಯ ವಾರ ಮೇಷ್ಟ್ರು ನಿಜವಾಗಿಯೂ ಹೋದರು.

ಒಂದೇ ಕಾರು

ಕೋರ್ಟಿನಲ್ಲಿ ನಾಯಕರು, ಆ ಗೋಡೆಗೂ ತಮಗೂ ಯಾವ ಸಂಬಂಧವೂ ಇಲ್ಲ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರು. ಅಂದು ಮಧ್ಯಾಹ್ನ ಮೇಷ್ಟ್ರು ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ನಾಯಕರ ಕಾರು ಪಕ್ಕದಲ್ಲಿ ನಿಂತಿತು.

"ಹತ್ತೋ ಮೇಷ್ಟ್ರೇ. ಇಬ್ರೂ ಹೋಗ್ತಿರೋದು ಒಂದೇ ಊರಿಗೆ."

"ಬೇಡ ಕಣಪ್ಪ. ನಾನು ವಾದಿ, ನೀನು ಪ್ರತಿವಾದಿ. ನೋಡಿದೋರು ಏನಂತಾರೆ?"

"ಬಿಸಿಲಿಗೆ ಅದೆಲ್ಲ ಗೊತ್ತಾಗಲ್ಲ. ಬಾ, ಹತ್ತು."

ಮೇಷ್ಟ್ರು ಹತ್ತಿದರು. ದಾರಿಯುದ್ದಕ್ಕೂ ನಾಯಕರು ತಮ್ಮ ಕೇಸುಗಳ ಕಷ್ಟವನ್ನೆಲ್ಲ ತೋಡಿಕೊಂಡರಂತೆ. ನಮ್ಮ ಕೇಸಿನ ಮುಂದಿನ ದಿನಾಂಕವನ್ನು ಮೇಷ್ಟ್ರಿಂದಲೇ ಕೇಳಿ ತಿಳಿದುಕೊಂಡರಂತೆ. ಊರು ಬಂದಾಗ ಡ್ರೈವರಿಗೆ ಹೇಳಿದರು: "ನಮ್ ಗೋಡೆ ಪಕ್ಕ ನಿಲ್ಸಪ್ಪ. ಮೇಷ್ಟ್ರು ಇಳ್ಕೊಳ್ಳಲಿ."

ಇದನ್ನು ನನಗೆ ಹೇಳುವಾಗ ಮೇಷ್ಟ್ರು ನಗು ತಡೆಯಲಾಗದೆ ಊಟದ ತಟ್ಟೆಯನ್ನೇ ಪಕ್ಕಕ್ಕಿಟ್ಟರು.

ಎದೆನೋವು

ಮುಂದೆ ಬೇರೆ ಯಾವುದೋ ಜಮೀನಿನ ಕೇಸಿನಲ್ಲಿ ನಾಯಕರ ಬಂಧನವಾಯಿತು. ಸಂಜೆಯೊಳಗೆ ಅವರಿಗೆ ಎದೆನೋವು ಬಂತು, ಆಸ್ಪತ್ರೆಗೆ ಸೇರಿಸಿದರು. ಅದೇ ವಾರ ಪಾಠ ಮಾಡುತ್ತಿದ್ದ ಮೇಷ್ಟ್ರು ಬೋರ್ಡಿಗೆ ಕೈಯೂರಿ ನಿಂತುಬಿಟ್ಟರು. ಆಟೊದಲ್ಲಿ ಕರೆದುಕೊಂಡು ಹೋದೆ. ಹತ್ತಿರವಿದ್ದದ್ದು ಆ ಆಸ್ಪತ್ರೆಯೇ. ಗೇಟಿನ ತುಂಬ ನಾಯಕರ ಅಭಿಮಾನಿಗಳು, ಆಟೊ ಒಳಗೆ ಹೋಗಲಿಲ್ಲ. ಮೇಷ್ಟ್ರು ನನ್ನ ಭುಜ ಹಿಡಿದು ನಡೆದೇ ಬಂದರು.

ದಣಿದಿದ್ದ ಡಾಕ್ಟರು ತಲೆಯೆತ್ತದೆ ಕೇಳಿದರು: "ನಿಮಗೂ ಎದೆನೋವಾ?"

"ನನ್ನನ್ನ ಯಾರೂ ಅರೆಸ್ಟ್ ಮಾಡಿಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು. "ನಿಜವಾದ ನೋವೇ."

ಡಾಕ್ಟರು ನಕ್ಕರು, ನರ್ಸ್ ನಕ್ಕಳು, ನಾನೂ ನಕ್ಕೆ.

ಜಾಮೀನು ಸಿಕ್ಕ ದಿನ ನಾಯಕರು ಗುಣವಾಗಿ ಮನೆಗೆ ಹೋದರು. ಮೇಷ್ಟ್ರು ಬರಲಿಲ್ಲ.

ಶ್ರದ್ಧಾಂಜಲಿ

ತಿಥಿಯ ದಿನ ಹಳೆಯ ವಿದ್ಯಾರ್ಥಿಗಳು ಸೇರಿ ಅರಳಿಕಟ್ಟೆಯ ಬಳಿ ಮೇಷ್ಟ್ರಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದರು. ನಮ್ಮ ಕಡೆ ಹುಟ್ಟುಹಬ್ಬವಿರಲಿ, ಗಣೇಶೋತ್ಸವವಿರಲಿ, ಸಾವಿರಲಿ, ಫ್ಲೆಕ್ಸಿನಲ್ಲಿ ನಾಯಕರ ಫೋಟೋ ಇರಲೇಬೇಕು. ಅಂಗಡಿಯವನು ರೂಢಿಯಂತೆ ನಾಯಕರನ್ನು ನಡುವೆ ದೊಡ್ಡದಾಗಿ ಕೂರಿಸಿದ. ಕೆಳಗೆ "ದುಃಖತಪ್ತರು" ಎಂಬ ಸಾಲಿನಲ್ಲಿ ಹುಡುಗರ ಪುಟ್ಟ ಫೋಟೋಗಳು. ಮೇಷ್ಟ್ರ ಫೋಟೋವೂ ಆ ಸಾಲಿಗೇ ಸೇರಿಹೋಗಿತ್ತು. ತೀರಿಕೊಂಡವರೇ ದುಃಖತಪ್ತರಾಗಿದ್ದರು.

ನಾಯಕರ ಎದೆನೋವಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಜಾಮೀನಿನ ಮೇಲೆ ನಾಯಕರು ಫೋನ್ ಆಫ್ ಮಾಡಿಕೊಂಡು ಎಲ್ಲೋ ವಿಶ್ರಾಂತಿಗೆ ಹೋಗಿದ್ದರು. ಬೆಳಿಗ್ಗೆ ಹಾಲಿನವನು ಫ್ಲೆಕ್ಸ್ ನೋಡಿ ಕೈಮುಗಿದ. ಯಾರೋ ಹಾರ ಹಾಕಿದರು. ಹತ್ತು ಗಂಟೆಯ ಹೊತ್ತಿಗೆ ಕಾಡುಗೋಡಿಯವರೆಗೂ ಸುದ್ದಿ ಮುಟ್ಟಿತು: ನಾಯಕರು ಹೋಗಿಬಿಟ್ಟರು.

ಮೈದಾನದ ಕಾವಲುಗಾರ ಹಾರ ತೆಗೆದುಕೊಂಡು ನಾಯಕರ ಮನೆಗೆ ಓಡಿದ. ಅದೇ ಸಮಯಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಜೆಸಿಬಿ ತಂದು ಗೋಡೆಯ ಮುಂದೆ ನಿಲ್ಲಿಸಿದ. "ಯಾರನ್ನ ಕೇಳ್ದೆ ಗುರು?" ಎಂದು ಜೊತೆಯವರು ಗಾಬರಿಯಾದರೆ, "ಕೇಳೋಕೆ ಈಗ ಯಾರವ್ರೆ?" ಎಂದನಂತೆ. ನಾನು ಮನೆಯಲ್ಲಿ ಎಡೆ ಬಡಿಸುತ್ತಿದ್ದಾಗ ಗೋಡೆ ಬಿದ್ದ ಸದ್ದು ಕೇಳಿಸಿತು.

ನಾನು ಮತ್ತೆ ಶಾಲೆಗೆ ಹೋದ ದಿನ ನಾಯಕರೂ ಬಂದರು, ಜೊತೆಗೆ ಸಬ್‌ಇನ್ಸ್‌ಪೆಕ್ಟರು. ಮಕ್ಕಳು ಮೈದಾನದಲ್ಲಿ ಖೋಖೋ ಆಡುತ್ತಿದ್ದರು.

"ಒಡೆದವ್ರ ಮೇಲೆ ಕೇಸ್ ಹಾಕಿ," ಎಂದರು ನಾಯಕರು.

"ಹಾಕೋಣ ಸಾರ್. ಗೋಡೆ ಯಾರದು ಅಂತ ಬರ್ಕೊಳ್ಳಲಿ?"

ನಾಯಕರು ಬಾಯಿ ತೆರೆದರು. ಪ್ರಮಾಣ ಮಾಡಿ ಬರೆದುಕೊಟ್ಟದ್ದು ನೆನಪಾಗಿರಬೇಕು, ಮುಚ್ಚಿದರು.

"ನಿಮ್ದಾ ಸಾರ್?"

"ಅಲ್ಲ."

"ಮತ್ತೆ?"

"ಯಾರದೂ ಅಲ್ಲ ಕಣ್ರೀ."

"ಯಾರದೂ ಅಲ್ಲದ್ದು ಬಿದ್ರೆ ಕಂಪ್ಲೇಂಟ್ ಯಾರ್ದು ಸಾರ್?"

ನಾಯಕರು ನನ್ನ ಕಡೆ ತಿರುಗಿದರು. "ನಿಮ್ಮ ಮೇಷ್ಟ್ರು ಭಾರಿ ಆಸಾಮಿ ಟೀಚರಮ್ಮ. ಸತ್ತ ಮೇಲೆ ಕೇಸ್ ಗೆದ್ರು. ಅದೂ ನನ್ನ ಫೋಟೋ ಇಟ್ಕೊಂಡು!"

ಎಷ್ಟೋ ದಿನಗಳ ನಂತರ ನಾನು ನಕ್ಕೆ. ಇದನ್ನು ಮೇಷ್ಟ್ರಿಗೆ ಹೇಳಬೇಕು, ಕೇಳಿದರೆ ತಟ್ಟೆ ಪಕ್ಕಕ್ಕಿಟ್ಟು ನಗುತ್ತಾರೆ ಎಂದುಕೊಂಡು, ಶಾಲೆ ಬಿಟ್ಟ ಕೂಡಲೇ ಸರಸರನೆ ಮನೆಗೆ ನಡೆದೆ.

ಬಾಗಿಲಿಗೆ ಬೀಗ ಹಾಕಿತ್ತು.