ಕಾಕಾನ ಸೊಟ್ಟ ಸಾಲುಗಳು

ನಮ್ಮ ಆಫೀಸಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಈ ನಾಲ್ಕನ್ನು ಹೇಳುವಾಗ ಮಾತ್ರ ನನಗೆ ಪೂರ್ತಿ ನಗಲು ಆಗುವುದಿಲ್ಲ.

ಗೋಕುಲ ರಸ್ತೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ಮಾಲೀಕರು, ನಾನು, ಮತ್ತು ಹನ್ನೊಂದು ವರ್ಷದಿಂದ ಅಲ್ಲೇ ಕೋಡ್ ಬರೆಯುತ್ತಿದ್ದ ಕಾಕಾ. ಅಷ್ಟೇ ಜನ.

೧. ಜಿಗಿಯುವ ಸಾಲು

ಕಾಕಾನ ಕೋಡ್ ಛಲೋ ಓಡುತ್ತಿತ್ತು, ನೋಡಲಿಕ್ಕೆ ಮಾತ್ರ ಸೊಟ್ಟ. ಒಂದು ಸಾಲು ಅಂಚಿಗೆ, ಮುಂದಿನದು ನಡುವಿಗೆ. ಓದಿ ಓದಿ ಬೇಸತ್ತು, ಸೇವ್ ಮಾಡಿದ ಕೂಡಲೇ ಸಾಲುಗಳನ್ನು ತಾನೇ ನೆಟ್ಟಗೆ ಮಾಡುವ ಫಾರ್ಮ್ಯಾಟರನ್ನು ಎಲ್ಲರ ಕಂಪ್ಯೂಟರಿಗೂ ಹಾಕಿದೆ. ಕಾಕಾಗೆ ಹೇಳಲು ಮರೆತೆ.

ಅವರು ಸೇವ್ ಒತ್ತಿದರು, ಸಾಲು ಜಿಗಿಯಿತು. ಮತ್ತೆ ಹಳೇ ಜಾಗಕ್ಕೆ ಎಳೆದು ತಂದರು, ಮತ್ತೆ ಜಿಗಿಯಿತು. ನಾಲ್ಕನೇ ಸಲಕ್ಕೆ ಕೀಬೋರ್ಡಿನಿಂದ ಕೈ ತೆಗೆದು ಮೆಲ್ಲಗೆ ಕೇಳಿದರು: "ತಂಗಿ, ಇದರಾಗ ಯಾರರ ಕುಂತಾರೇನು?"

೨. ಬೇಕಾದೀತು

ಆಮೇಲೆ ತಪ್ಪು ಹಿಡಿಯುವ ಲಿಂಟರನ್ನೂ ಹಾಕಿದೆ. ತಪ್ಪಿದ್ದರೆ ಅದು ಕೋಡನ್ನು ಮುಂದಕ್ಕೆ ಬಿಡುವುದಿಲ್ಲ. ಕಾಕಾನ ಫೈಲಿನಲ್ಲಿ ಒಂದು ವೇರಿಯಬಲ್, ಅಂದರೆ ಏನಾದರೂ ತುಂಬಿಡಲು ಹೆಸರು ಕೊಟ್ಟು ಮಾಡಿದ ಖಾನೆ, ಸುಮ್ಮನೆ ಕೂತಿತ್ತು. ಅದಕ್ಕೆ ಅವರು ಇಟ್ಟಿದ್ದ ಹೆಸರು 'ಬೇಕಾದೀತು'. ಇದನ್ನು ಎಲ್ಲಿಯೂ ಬಳಸಿಲ್ಲ ಎಂದು ಲಿಂಟರ್ ತಡೆಯಿತು.

ತೆಗೆಯಿರಿ ಅಂದೆ. ಅವರಿಗೆ ಮನಸ್ಸಾಗಲಿಲ್ಲ. ಎದೆನೋವಿಗೆ ತೋರಿಸಿಕೊಂಡು ಸೋಮವಾರ ಬಂದು ತಾನೇ ತೆಗೆಯುತ್ತೇನೆ ಎಂದರು. ಬಾಗಿಲ ತನಕ ಹೋದವರು ತಿರುಗಿ, "ನೀ ಕೈ ಹಚ್ಚಬ್ಯಾಡ. ಹೆಸರ ಬೇಕಾದೀತು ಐತಿ, ಖರೇನ ಬೇಕಾದ್ರ?" ಅಂದರು. ಇಬ್ಬರೂ ನಕ್ಕೆವು.

ಸೋಮವಾರ ಅವರು ಬರಲಿಲ್ಲ. ರವಿವಾರವೇ ತೀರಿಕೊಂಡಿದ್ದರು.

೩. ಒಂದೇ ದಿನದ ಕೆಲಸ

ತಿಂಗಳಾದ ಮೇಲೆ ಹಳೇ ಕೋಡನ್ನೂ ನೆಟ್ಟಗೆ ಮಾಡು ಎಂದು ಮಾಲೀಕರು ಹೇಳಿದರು. ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ, ಚಹಾ ಬರುವಷ್ಟರಲ್ಲಿ ಎಲ್ಲವೂ ನೆಟ್ಟಗಾಯಿತು.

ಮರುದಿನ ಮಾಲೀಕರು ಏನೋ ಹುಡುಕುತ್ತ, ಯಾವ ಸಾಲನ್ನು ಯಾರು ಬರೆದರು ಎಂಬ ದಾಖಲೆ ತೆಗೆದರು. ಅದು ತೋರಿಸುವುದು ಸಾಲನ್ನು ಕೊನೆಗೆ ಮುಟ್ಟಿದವರ ಹೆಸರನ್ನು; ಮುಟ್ಟಿದವಳು ನಾನಾದ್ದರಿಂದ ಎಲ್ಲ ಕಡೆ ನನ್ನದೇ ಹೆಸರು. "ಹನ್ನೊಂದ ವರ್ಷದ ಕೆಲಸ ಒಂದ ದಿನದಾಗ ಮುಗಿಸೀ ಅಲ್ಲವಾ," ಅಂದರು.

ನಕ್ಕೆ. ಆಮೇಲೆ ಕೆಳಗಿನ ತನಕ ನೋಡುತ್ತ ಹೋದೆ. ಕಾಕಾನ ಹೆಸರು ಒಂದು ಕಡೆಯೂ ಇರಲಿಲ್ಲ.

೪. ಕಾಕೂ ಬಂದದ್ದು

ಆ ವಾರವೇ ಕಾಕಾನ ಹೆಂಡತಿ, ನಮ್ಮ ಕಾಕೂ, ಗಂಡನ ಕನ್ನಡಕ ಮತ್ತು ಊಟದ ಡಬ್ಬಿ ಒಯ್ಯಲು ಬಂದರು. ಗಂಡ ಬರೆದದ್ದನ್ನು ಒಮ್ಮೆ ನೋಡಬೇಕು ಎಂದರು. ಅದೇ ದಾಖಲೆ ತೆರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇಲ್ಲೆಲ್ಲಾ ನಿನ್ನ ಹೆಸರ ಐತೆಲ್ಲವಾ," ಅಂದರು.

ನಾನು ಮಾಡಿದ್ದನ್ನು ಹೇಳಿದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಆಮೇಲೆ ದಾಖಲೆಯನ್ನು ಆ ಆಜ್ಞೆಯ ಹಿಂದಿನ ದಿನಕ್ಕೆ ಒಯ್ದೆ. ಪರದೆಯ ತುಂಬ ಕಾಕಾನ ಹೆಸರು, ಪಕ್ಕದಲ್ಲಿ ಅಡ್ಡಾದಿಡ್ಡಿ ಸಾಲುಗಳು.

ಕಾಕೂ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. "ಹೌದು, ಇದು ಅವರದ. ಮನ್ಯಾಗ ಕಳಚಿದ ಅರಿವೀನೂ ಹಿಂಗ ಎಲ್ಲೆಂದ್ರಲ್ಲೆ ಒಗೀತಿದ್ರು. ಮಡಚಿ ಮಡಚಿ ನನಗ ಸಾಕಾಗಿತ್ತು."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ನನಗೂ. ಕಾಕೂ ಕೂಡ ನಕ್ಕರು, ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡರು. ಮನೆಯ ಕುರ್ಚಿಯ ಮೇಲೆ ಅವರು ಬಿಟ್ಟುಹೋದ ಅಂಗಿಯೊಂದನ್ನು ಮಾತ್ರ ಇನ್ನೂ ಮಡಚಿಲ್ಲ ಎಂದರು.